ಖಾಲಿ ಹಾಳೆಯ ಪೆನ್ಸಿಲ್ ಸಾಲು

"ಈ ಹಾಳೆ ನೀವಂದುಕೊಂಡಷ್ಟು ಹಳೇದಲ್ಲ, ಮೇಡಂ."

ಓದುವ ಕೋಣೆಯಲ್ಲಿ ಹತ್ತು ಜನರಿದ್ದರು. ಹತ್ತೂ ತಲೆಗಳು ಎದ್ದವು.

ಹೇಳಿದವನು ಗ್ರಂಥಾಲಯದ ಬೈಂಡರ್. ಹೇಳಿಸಿಕೊಂಡವಳು ನಾಲ್ಕು ವರ್ಷದಿಂದ ಹತ್ತೊಂಬತ್ತನೇ ಶತಮಾನದ ಭೂತಪ್ರೇತಗಳ ಕಥೆಗಳನ್ನೇ ಅಗೆಯುತ್ತಿದ್ದ ಸಂಶೋಧಕಿ. ಬೆನ್ನ ಹಿಂದೆ ಎಲ್ಲರಿಗೂ ಅವಳು 'ದೆವ್ವದ ಮೇಡಂ'.

ಮೂರು ತಿಂಗಳಿಂದ ಅವಳ ಮೇಜಿಗೆ ಪುಸ್ತಕ ತಂದು, ಅದರ ಬೆನ್ನು ಮುರಿಯದಂತೆ ಕೆಳಗೊಂದು ಪುಟ್ಟ ದಿಂಬು ಇಡುತ್ತಿದ್ದವನು ಅವನೇ. ಅವನು ಬಾರದ ದಿನ ಅವಳ ಕಣ್ಣು ಬಾಗಿಲ ಕಡೆಗೇ ಇರುತ್ತಿತ್ತು. ಅದು ಅವಳಿಗೆ ಗೊತ್ತಿತ್ತು, ಬಹುಶಃ ಆ ದಿಂಬಿಗೂ ಗೊತ್ತಿತ್ತು. ಆದರೂ ಇಬ್ಬರ ನಡುವೆ ಬಾಯಿಬಿಟ್ಟು ಆಡಿದ ಮೊದಲ ಮಾತು ಇದು.

ಅವಳ ಮುಂದಿದ್ದದ್ದು ನೂರೈವತ್ತು ವರ್ಷ ಹಳೆಯ ಮಾಸಪತ್ರಿಕೆಯ ಸಂಪುಟ. ಸತ್ತ ಹೆಂಡತಿಯೊಬ್ಬಳು ಮೆಟ್ಟಿಲ ಮೇಲೆ ಕೂತು ಗಂಡನ ಹೆಜ್ಜೆಗೆ ಕಾಯುವ ಕಥೆ ಅದರಲ್ಲಿತ್ತು. ಸಂಪುಟದ ಮೊದಲ ಖಾಲಿ ಹಾಳೆಯಲ್ಲಿ ಯಾರೋ ಪೆನ್ಸಿಲ್‌ನಲ್ಲಿ, ಬಲಕ್ಕೆ ವಾಲಿದ ಅಕ್ಷರದಲ್ಲಿ, ಆ ಕಥೆಯ ಬಗ್ಗೆ ಬರೆದಿದ್ದರು:

'ದೆವ್ವವನ್ನು ಊಟ ಆಯ್ತಾ ಅಂತ ಯಾರೂ ಕೇಳುವುದಿಲ್ಲ. ಅದಕ್ಕೇ ಅದು ಮನೆ ಬಿಟ್ಟು ಹೋಗುವುದಿಲ್ಲ.'

ಆ ಕಾಲದ ಗೃಹಿಣಿಯೊಬ್ಬಳ ಮಾತು ಇದೆಂದು ನಂಬಿ ಅವಳು ಇಡೀ ಅಧ್ಯಾಯ ಕಟ್ಟಿದ್ದಳು. ವಿಮರ್ಶಕರು ಬರೀ ಭಯವನ್ನು ಕಂಡ ಕಡೆ ಮನೆಯ ಹೆಣ್ಣು ಒಂಟಿತನ ಕಂಡಳು ಎಂಬುದು ಅವಳ ವಾದ. ಇನ್ನೆರಡು ದಿನಕ್ಕೆ ವಿಚಾರ ಸಂಕಿರಣ.

"ನಿಮ್ಮ ಕೆಲಸ ಗೋಂದು ಹಚ್ಚೋದು," ಎಂದಳು. "ಓದೋದನ್ನ ನಮಗೆ ಬಿಡಿ."

ಯಾರೋ ಕಿಸಕ್ಕನೆ ನಕ್ಕರು. ಅವನು ದಿಂಬನ್ನು ಸರಿಮಾಡಿಟ್ಟು ಹೊರಟುಹೋದ.

ಬಾಗಿಲು ಮುಚ್ಚುವಷ್ಟರಲ್ಲಿ ಅವಳ ಕಿವಿ ಸುಡುತ್ತಿತ್ತು. ಎಂಥಾ ಮಾತಾಡಿಬಿಟ್ಟೆ... ಆದರೆ ಕರೆದು ಕ್ಷಮೆ ಕೇಳಲಿಲ್ಲ.

ಅಪರೂಪದ ಪುಸ್ತಕ ಹೊರಗೆ ಹೋದರೆ ಗ್ರಂಥಾಲಯದವರೊಬ್ಬರು ಜೊತೆಗಿರಬೇಕೆಂಬುದು ನಿಯಮ. ಸಂಕಿರಣಕ್ಕೆ ಸಂಪುಟ ಹಿಡಿದು ಬಂದವನು ಅವನೇ. ಕೊನೆಯ ಸಾಲಿನಲ್ಲಿ ಕೂತ.

ಅವಳು ಚೆನ್ನಾಗಿ ಮಾತಾಡಿದಳು. ಪೆನ್ಸಿಲ್ ಸಾಲನ್ನು ಓದಿದಾಗ ಸಭೆ ಉಸಿರು ಹಿಡಿಯಿತು. ಆಮೇಲೆ ಹಿರಿಯ ವಿಮರ್ಶಕರೊಬ್ಬರು ಎದ್ದು, ಆ ಹಾಳೆ ಸಂಪುಟದಷ್ಟೇ ಹಳೆಯದೆಂದು ಹೇಗೆ ಗೊತ್ತು ಎಂದು ಕೇಳಿದರು.

"ನಮ್ಮ ಬೈಂಡರ್ ನೋಡಿ ಖಚಿತಪಡಿಸಿದ್ದಾರೆ."

ಸುಳ್ಳು ಹೊರಬಿದ್ದಾಗಿತ್ತು. ಇಡೀ ಸಭೆ ಹಿಂದಕ್ಕೆ ತಿರುಗಿತು. ಅವನು ಸಂಪುಟವನ್ನು ಎದೆಗೊತ್ತಿಕೊಂಡು ಎದ್ದು ನಿಂತ. ಮುಗೀತು, ಎಂದುಕೊಂಡಳು.

"ಪುಸ್ತಕ ಭದ್ರವಾಗಿದೆ, ಸಾರ್," ಎಂದಷ್ಟೇ ಹೇಳಿ ಕೂತ.

ಚಪ್ಪಾಳೆ ಬಿತ್ತು. ಒಂದೊಂದೂ ಕೆನ್ನೆಗೆ ಬಿದ್ದಂತಿತ್ತು.

ಮರುದಿನ ಬೆಳಿಗ್ಗೆ ಅವಳು ಸಂಪುಟ ಬಿಡಿಸಿ ಮೊದಲ ಬಾರಿಗೆ ಹೊಲಿಗೆ ನೋಡಿದಳು. ಕಥೆಯ ಹಾಳೆಗಳ ಮಡಿಕೆಯಲ್ಲಿ ಸೂಜಿಯ ತೂತು ಎರಡು ಸಾಲು. ಒಂದು ಮೊದಲ ಹೊಲಿಗೆಯದು, ಇನ್ನೊಂದು ಬಿಚ್ಚಿ ಮತ್ತೆ ಹೊಲಿದದ್ದು. ಖಾಲಿ ಹಾಳೆಗೆ ಒಂದೇ ಸಾಲು. ಅಂದರೆ ಅದು ಮರುಹೊಲಿಗೆಯಲ್ಲಿ ಸೇರಿದ ಹಾಳೆ. ರಿಜಿಸ್ಟರ್ ತೆಗೆಸಿದಳು. ಮರುಹೊಲಿಗೆ ಆದದ್ದು ಮೂವತ್ತೆರಡು ವರ್ಷದ ಹಿಂದೆ.

ನಾಲ್ಕು ವರ್ಷ ಓದಿದವಳು ತೂತು ಎಣಿಸಿರಲಿಲ್ಲ!

ಮಾರ್ಗದರ್ಶಕರಿಗೆ ಫೋನ್ ಮಾಡಿದಳು. ಮುಂದಿನ ವಾರ ಉಪನ್ಯಾಸಕಿ ಹುದ್ದೆಯ ಸಂದರ್ಶನವಿದೆ, ಹೊಲಿಗೆ ನೋಡೋರು ಯಾರಿದ್ದಾರೆ, ಬಾಯಿ ಮುಚ್ಚಿಕೊಂಡಿರು ಎಂದರು ಅವರು. ನೋಡೋನು ಒಬ್ಬನಿದ್ದಾನೆ, ಎಂದುಕೊಂಡಳು. ಅವನು ನೋಡಿಯೂ ನನ್ನನ್ನು ಉಳಿಸಿದ...

ಮಧ್ಯಾಹ್ನದ ಹೊತ್ತಿಗೆ ಸಂಘಟಕರಿಗೆ ಪತ್ರ ಹೋಗಿತ್ತು. ಹಾಳೆ ಹೊಸದು, ಬೈಂಡರ್ ಏನನ್ನೂ ಖಚಿತಪಡಿಸಿರಲಿಲ್ಲ, ನಾನು ಹೇಳಿದ್ದು ಸುಳ್ಳು, ಪ್ರಬಂಧ ಹಿಂದಕ್ಕೆ ಪಡೆದಿದ್ದೇನೆ. ಅದರ ಪ್ರತಿ ಹಿಡಿದು ನೆಲಮಾಳಿಗೆಯ ಬೈಂಡಿಂಗ್ ಕೋಣೆಗೆ ಇಳಿದಳು.

ಅವನು ಹೊಲಿಗೆ ಚೌಕಟ್ಟಿನ ಮುಂದಿದ್ದ. ಸೂಜಿ ಚುಚ್ಚಿಟ್ಟು ಪತ್ರವನ್ನು ಎರಡು ಸಲ ಓದಿದ. ಇದರಿಂದ ಅವಳ ಹುದ್ದೆಗೆ ತೊಂದರೆಯಲ್ಲವೇ ಎಂದು ಕೇಳಿದ. ಆಗಬಹುದು ಎಂದಳು.

"ನಿಮ್ಮನ್ನ ಹೀಯಾಳಿಸಿದೆ. ಆಮೇಲೆ ನಿಮ್ಮನ್ನೇ ಸುಳ್ಳಿಗೆ ಸಾಕ್ಷಿ ಮಾಡಿದೆ. ಮುಖ ಎತ್ತಿ ನಿಲ್ಲೋಕೂ ನಾಚಿಕೆ ಆಗ್ತಿದೆ... ಅಲ್ಲೇ ನಿಜ ಹೇಳಬಹುದಿತ್ತಲ್ಲ?"

ಅವನು ಡ್ರಾಯರ್‌ನಿಂದ ಸವೆದ ನೋಟ್‌ಬುಕ್ ತೆಗೆದ. ಹೊಲಿಗೆಯ ಅಳತೆಗಳು. ಅದೇ ಬಲಕ್ಕೆ ವಾಲಿದ ಅಕ್ಷರ.

"ಅಮ್ಮ," ಎಂದ. "ಇದೇ ಸ್ಟೂಲ್ ಮೇಲೆ ಕೂತು ಹೊಲಿಯೋರು. ಕಥೆ ಪೂರ್ತಿ ಓದದೆ ಸೂಜಿ ಹಾಕ್ತಿರಲಿಲ್ಲ, ಅದಕ್ಕೆ ಬೈಸಿಕೊಳ್ಳೋರು. ಅವರು ಬರೆದದ್ದನ್ನ ಯಾರೂ ಓದಿರಲಿಲ್ಲ. ನಿನ್ನೆ ನೀವು ಓದಿದಾಗ ಅಷ್ಟು ದೊಡ್ಡ ಸಭೆ ನಮ್ಮಮ್ಮನ ಮಾತಿಗೆ ಸುಮ್ಮನಾಯ್ತು. ಅದನ್ನ ಕೆಡಿಸೋಕೆ ನನ್ನ ಕೈಲಿ ಆಗ್ಲಿಲ್ಲ. ನಾಚಿಕೆ ಪಡೋದಾದ್ರೆ ನನಗೂ ಪಾಲಿದೆ."

ಅವಳ ಕಣ್ಣು ಮಂಜಾಯಿತು.

"ಅಧ್ಯಾಯ ಮತ್ತೆ ಬರೀತೀನಿ. ಅವರ ಹೆಸರು ಹಾಕಿ. ಹೊಲಿಯೋರು ಹೇಗೆ ಓದ್ತಾರೆ ಅಂತ ನೀವು ಕಲಿಸಿಕೊಟ್ರೆ..."

"ಬರೆದು ಮುಗಿದ ಮೇಲೆ?"

"ಆಮೇಲೂ ಬರ್ತೀನಿ," ಎಂದಳು. "ಪುಸ್ತಕಕ್ಕೋಸ್ಕರ ಅಲ್ಲ."

ಅವನ ಕಿವಿ ಕೆಂಪಾಯಿತು. ಇಲ್ಲದ ದಾರ ಹುಡುಕಿದ.

ಗಡಿಯಾರದಲ್ಲಿ ಮೂರು ದಾಟಿತ್ತು. ಮೇಜಿನ ಮೂಲೆಯಲ್ಲಿ ಅವನ ಡಬ್ಬಿ ಮುಚ್ಚಳ ತೆಗೆಯದೆ ಹಾಗೇ ಇತ್ತು.

"ಊಟ ಆಯ್ತಾ?" ಎಂದು ಕೇಳಿದಳು.

ಅವನು ಅಮ್ಮನ ಸ್ಟೂಲನ್ನು ಒರೆಸಿ ಅವಳ ಕಡೆಗೆ ಸರಿಸಿದ.

"ಇಲ್ಲ. ನಿಮ್ಮದು?"

"ನಂದೂ ಇಲ್ಲ," ಎಂದು ಅವಳು ಕೂತಳು.