ಸಹಿ ಬೀಳದ ಮಧ್ಯಾಹ್ನ

"ನಗೋದಕ್ಕೂ ಮ್ಯಾನೇಜರ್ ಹತ್ರ ಪರ್ಮಿಶನ್ ಕೇಳ್ಬೇಕೇನೋ ಈ ಹುಡುಗಿ."

ಕೌಂಟರಿನ ಆಚೆ ನಿಂತವನು ಹೀಗೆ ಕನ್ನಡದಲ್ಲಿ ಗೊಣಗಿದ್ದು ಈಶ್ವರಿಯ ಕಿವಿಗೆ ಬಿತ್ತು. ತಿರುಪ್ಪೂರಿನ ಈ ಸಣ್ಣ ಬ್ಯಾಂಕಿನಲ್ಲಿ ತನ್ನ ಮಾತು ಯಾರಿಗೆ ತಿಳಿದೀತು ಎಂಬ ಧೈರ್ಯ ಅವನಿಗೆ. ಅವಳು ತಲೆ ಎತ್ತಲಿಲ್ಲ.

"ಪರ್ಮಿಶನ್ ಬೇಡ ಸಾರ್. ನಗು ಬರೋ ಹಂಗೆ ಯಾರಾದ್ರೂ ಮಾತಾಡ್ಬೇಕು, ಅಷ್ಟೇ."

ಅವನ ಕಿವಿ ಕೆಂಪಾಯಿತು. "ಅಯ್ಯೋ... ನೀವು ನಮ್ಮ ಮಾತಿನವರಾ?"

"ಪಲ್ಲಡಂ. ನೇಯ್ಗೆಯವರು. ಮನೇಲಿ ಕನ್ನಡ, ಬೀದೀಲಿ ತಮಿಳು."

"ಮದುಕ್ಕರೈ ಹತ್ರ ನಮ್ಮ ತೋಟ. ಮಾತಾಡೋಕೆ ಬರುತ್ತೆ, ಓದೋಕೆ ಬರಲ್ಲ."

"ನಂಗೂ ಅಷ್ಟೇ," ಎಂದು ಈಶ್ವರಿ ನಕ್ಕಳು. ಅವಳು ನಕ್ಕದ್ದನ್ನು ಅವನು ನೋಡಿದ. ಅವನು ನೋಡಿದ್ದನ್ನು ಅವಳೂ ನೋಡಿದಳು.

ಅವನ ಹೆಸರು ನಟರಾಜನ್. ಕೊಯಮತ್ತೂರಿನ ಆರ್.ಎಸ್. ಪುರಂನ ದೊಡ್ಡ ಬ್ಯಾಂಕೊಂದರಲ್ಲಿ ಆಫೀಸರ್. ಬನಿಯನ್ ಕಂಪನಿಗಳು ದೂರದ ವ್ಯಾಪಾರಿಗಳಿಗೆ ಸಾಲಕ್ಕೆ ಸರಕು ಕಳಿಸಿ, ಆ ಬಿಲ್ಲುಗಳನ್ನು ಈಶ್ವರಿಯ ಬ್ಯಾಂಕಿಗೆ ಕೊಟ್ಟು ಮುಂಗಡ ಪಡೆಯುತ್ತಿದ್ದವು. ಆ ಬಿಲ್ಲುಗಳನ್ನು ನಟರಾಜನ್‌ನ ಬ್ಯಾಂಕು ಕೊಳ್ಳುತ್ತಿತ್ತು. ಅವನ ಸಹಿ ಬಿತ್ತೆಂದರೆ ಮುಗಿಯಿತು. ಆಮೇಲೆ ವ್ಯಾಪಾರಿ ಕೈ ಎತ್ತಿದರೆ ಮುಳುಗುವುದು ಅವನ ಬ್ಯಾಂಕಿನ ದುಡ್ಡು, ಈಶ್ವರಿಯ ಬ್ಯಾಂಕಿನದಲ್ಲ.

ಅವನು ಬಿಲ್ಲು ನೋಡಲು ಬರುವ ಶುಕ್ರವಾರ ಬಂತೆಂದರೆ ಈಶ್ವರಿ ಕನಕಾಂಬರ ಮುಡಿಯತೊಡಗಿದಳು.

"ಇವತ್ತು ಏನಾದ್ರೂ ವಿಶೇಷವಾ?" ಎಂದು ಅವನು ಬಿಲ್ಲು ತಿರುವುತ್ತಲೇ ಕೇಳುತ್ತಿದ್ದ.

"ಬಿಲ್ಲು ನೋಡಿ ಸಾರ್. ಹೂವಿಗೆ ಸಹಿ ಬೇಕಿಲ್ಲ."

ಎಂಬತ್ತೇಳರ ಬೇಸಿಗೆಯ ಒಂದು ಶುಕ್ರವಾರ ಮ್ಯಾನೇಜರ್ ಗೋಪಾಲಸಾಮಿ ಅವಳನ್ನು ಒಳಗೆ ಕರೆದ. ಅವನ ಮುಖ ಬೂದಿ ಬಳಿದಂತಿತ್ತು.

"ಬಾಂಬೆ ವ್ಯಾಪಾರಿ ದಿವಾಳಿಯಮ್ಮ. ಸುದ್ದಿ ಇನ್ನೂ ಊರಿಗೆ ಬಂದಿಲ್ಲ. ಇವತ್ತೇ ಅವನ ಬಿಲ್ಲೆಲ್ಲ ಕೊಯಮತ್ತೂರಿನವರಿಗೆ ದಾಟಿಸಿಬಿಡು. ದಾಟದಿದ್ರೆ ನಮ್ಮ ಬ್ಯಾಂಕೇ ಇಲ್ಲ. ನಿಮ್ಮ ಬೀದಿಯವರ ಡಿಪಾಸಿಟ್ಟೆಲ್ಲ ಇಲ್ಲೇ ಇರೋದು, ನೆನಪಿರಲಿ."

ನೆನಪಿತ್ತು. ಇಲ್ಲಿಡಿ, ಭದ್ರವಾಗಿರುತ್ತೆ ಎಂದು ಮನೆಮನೆಗೆ ಹೋಗಿ ಹೇಳಿದವಳು ಅವಳೇ.

ನಟರಾಜನ್ ಬಂದ. ಪೆನ್ನಿನ ಮುಚ್ಚಳ ತೆಗೆದ. ಅವಳ ಮುಡಿ ಕಡೆ ನೋಡಿ ಕೇಳಿದ, "ಹೂವೆಲ್ಲಿ?"

ಬೆಳಿಗ್ಗೆ ಮುಡಿದದ್ದನ್ನು ಕಿತ್ತು ಡ್ರಾಯರಿಗೆ ಹಾಕಿದ್ದ ಅವಳು ಬಿಲ್ಲಿನ ಕಟ್ಟನ್ನು ಅವನ ಮುಂದೆ ಸರಿಸಿದಳು.

"ಬಿಲ್ಲು ಸರಿಯಾಗಿದೆ ತಾನೇ? ನೀನು ಹೂಂ ಅಂದ್ರೆ ಸಾಕು, ನೋಡೋದೂ ಇಲ್ಲ."

ಸುಮ್ಮನಿದ್ದರೆ ಬೀದಿ ಉಳಿಯುತ್ತಿತ್ತು. ಅವಳು ಕನ್ನಡದಲ್ಲಿ, ತುಟಿ ಅಲುಗದಂತೆ ಹೇಳಿದಳು, "ಹಾಕ್ಬೇಡಿ. ಇದು ಸತ್ತ ಬಿಲ್ಲು."

ಅವನು ಪೆನ್ನು ಮುಚ್ಚಿದ. "ನಮ್ಮ ಬ್ಯಾಂಕಿಗೆ ಇದನ್ನ ಹೇಳಲೇಬೇಕು, ಈಶ್ವರಿ."

"ಸೋಮವಾರ ಹೇಳಿ. ಅಷ್ಟರಲ್ಲಿ ಅಮ್ಮ ತನ್ನ ದುಡ್ಡನ್ನ ತಕ್ಕೊಳ್ಳಲಿ. ಅಷ್ಟು ಮಾಡ್ತೀರಾ?"

"ಸೋಮವಾರದವರೆಗೆ ನನ್ನ ಕಿವಿ ಕೆಪ್ಪು."

ಆದರೆ ಅಮ್ಮ ಸಾಮಿಯಾತಾಳ್ ಎದುರುಮನೆಯ ಪಳನಿಯಮ್ಮನಿಗೆ ಹೇಳದೆ ಇರುತ್ತಾಳೆಯೇ? ಒಟ್ಟಿಗೆ ಬೇಳೆ ಬೇಯಿಸಿ ಬದುಕಿದವರು. ಪಳನಿಯಮ್ಮ ಗಂಡ ಚೆನ್ನಿಯಪ್ಪನಿಗೆ ಹೇಳಿದಳು, ಅವನು ಮಗ್ಗದವರಿಗೆಲ್ಲ. ಶನಿವಾರ ಬ್ಯಾಂಕಿನ ಬಾಗಿಲು ತೆರೆಯುವಾಗ ಇಡೀ ಬೀದಿ ಸಾಲು ನಿಂತಿತ್ತು. ಆ ಸಾಲು ಕಂಡು ಅಂಗಡಿಯವರು ಓಡಿಬಂದರು, ಅವರನ್ನು ಕಂಡು ಬನಿಯನ್ ಕೆಲಸದವರು. ಬಾಂಬೆ ಸುದ್ದಿ ಗೊತ್ತಿಲ್ಲದವರೇ ಹೆಚ್ಚು. ಸಾಲೇ ಅವರಿಗೆ ಸುದ್ದಿ. ಪೆಟ್ಟಿಗೆ ಬರಿದಾಯಿತು. ಗೋಪಾಲಸಾಮಿ ಶಟರ್ ಎಳೆದ. ಒಳಗೆ ಈಶ್ವರಿ, ಹೊರಗೆ ನೂಕಿನಲ್ಲಿ ಅಮ್ಮ. "ಈಶ್ವರೀ!" ಎಂಬ ಕೂಗು ತಗಡಿಗೆ ಬಡಿದು ನಿಂತಿತು.

ಮತ್ತೆ ಶಟರ್ ಏಳಲಿಲ್ಲ. ಯಾರೂ ಹಣ ತೆಗೆಯುವಂತಿಲ್ಲ ಎಂದು ಮೇಲಿನಿಂದ ಆದೇಶ ಬಂತು. ನೂಲು ಕೊಳ್ಳಲು ಕಾಸಿಲ್ಲದೆ ಬೀದಿಯ ಮಗ್ಗಗಳು ಒಂದೊಂದಾಗಿ ಸದ್ದಡಗಿದವು. ಚೆನ್ನಿಯಪ್ಪನ್ ತನ್ನ ಮಗ್ಗವನ್ನು ಕಬ್ಬಿಣದ ತೂಕಕ್ಕೆ ಮಾರಿ, ಸಿಮೆಂಟ್ ಮೂಟೆ ಹೊರಲು ಹೋದ. ಪಳನಿಯಮ್ಮ ಈಶ್ವರಿಯನ್ನು ಕಂಡಾಗಲೆಲ್ಲ ನೆಲಕ್ಕೆ ಉಗಿದಳು. ಅಮ್ಮ ಬೈಯಲಿಲ್ಲ. ಮಾತನ್ನೇ ಬಿಟ್ಟಳು.

ಆಷಾಢದ ಆಡಿ ಗಾಳಿ ಬೀಸುವ ಹೊತ್ತಿಗೆ, ಒಂದು ಸಂಜೆ, ನಟರಾಜನ್ ಆ ಬೀದಿಗೆ ನಡೆದು ಬಂದ. ಬಾಗಿಲುಗಳಲ್ಲಿ ತಲೆಗಳು ಕಂಡವು.

"ಸಹಿ ಹಾಕ್ಲಿಲ್ಲ ಅಂತ ನಮ್ಮ ಬ್ಯಾಂಕಿನವರು ನನ್ನ ಬೆನ್ನು ತಟ್ಟಿದರು," ಎಂದ ಜಗಲಿಯ ಕೆಳಗೆ ನಿಂತು. "ಆ ಕೈ ಇನ್ನೂ ಬೆನ್ನ ಮೇಲೇ ಇದ್ದ ಹಾಗಿದೆ. ಮಲಗೋಕಾಗ್ತಿಲ್ಲ. ಸೇಲಂಗೆ ಟ್ರಾನ್ಸ್‌ಫರ್ ಕೇಳಿದೀನಿ. ನನ್ನ ಮದುವೆ ಆಗಿ ಬಂದುಬಿಡು."

"ಈಗ ಬಂದ್ರೆ, ಎಲ್ಲರದ್ದೂ ಮುಳುಗಿಸಿ ಓಡಿಹೋದ್ಲು ಅಂತಾರೆ."

"ಅಂದ್ರೆ ನಾನು ಬೇಡವಾ?"

"ಬೇಡ ಅಂದ್ನಾ?" ಅವಳ ಕಣ್ಣು ತುಂಬಿತು. "ಅವತ್ತು ಬಾಯಿ ಬಿಟ್ಟದ್ದು ನಿಮಗೋಸ್ಕರ. ನ್ಯಾಯ ಗೀಯ ಎಲ್ಲ ಆಮೇಲೆ ಹೊಳೆದದ್ದು. ಅದಕ್ಕೇ ಇವರ ಮುಂದೆ ಇರ್ಬೇಕು ನಾನು. ನೀವೇ ಇಲ್ಲಿಗೆ ಬನ್ನಿ. ಈ ಬೀದೀಲಿ ಯಾರೂ ನಿಮಗೆ ನೀರು ಕೊಡಲ್ಲ, ಗೊತ್ತಿರಲಿ."

ಒಳಗಿನಿಂದ, ಎಷ್ಟೋ ವಾರಗಳ ಮೇಲೆ, ಅಮ್ಮನ ದನಿ ಬಂತು. "ಯಾರದು?"

ಈಶ್ವರಿ ಬೀದಿಗೆಲ್ಲ ಕೇಳುವಂತೆ ಹೇಳಿದಳು. "ನಾನು ಮದುವೆ ಆಗೋರು, ಅಮ್ಮ."

ಎದುರುಮನೆ ಬಾಗಿಲು ಧಡಾರನೆ ಮುಚ್ಚಿತು. ಅಮ್ಮ ಒಳಗೆ ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ.

ನಟರಾಜನ್ ಚಪ್ಪಲಿ ಬಿಟ್ಟು ಜಗಲಿ ಹತ್ತಿ ಕುಳಿತ. ಈಶ್ವರಿ ಅವನ ಪಕ್ಕದಲ್ಲೇ, ಭುಜಕ್ಕೆ ಭುಜ ತಾಗುವಷ್ಟು ಹತ್ತಿರ, ಬೀದಿಗೆ ಮುಖ ಮಾಡಿ ಕುಳಿತಳು.