ಬೀದಿ ತಿಂದ ಪೇಟೆಂಟ್

1958ರ ನವೆಂಬರ್ 19, ಬುಧವಾರ, ಸಂಜೆ ನಾಲ್ಕೂ ಹತ್ತು.

ಹರಿಹರದ ಸೇತುವೆ. ಬೆನ್ನಿಗೆ ಕಲ್ಲುಗೋಡೆ, ಕೆಳಗೆ ತುಂಗಭದ್ರೆ, ನನ್ನ ಕಾಲರಿನಲ್ಲಿ ಕಲ್ಲಪ್ಪನ ಮುಷ್ಟಿ.

"ಈಜು ಬರತೈತೇನ್ರಿ, ಸಾಹೇಬ್ರೆ?"

"ಇಲ್ಲ."

"ಹಂಗಾದ್ರೆ ಚೀಲ ಕೊಡ್ರಿ."

ಈ ಚೀಲಕ್ಕಾಗಿ ಅವನ ಕಡೆಯವರು ದಾವಣಗೆರೆಯಲ್ಲಿ ಕಾಯುತ್ತಾರೆಂದು ಮುಂದಿನ ಸ್ಟೇಷನ್ನಿಗೆ ಬಂದು ಇಳಿದಿದ್ದೆ. ಅದೇ ರೈಲಿನಲ್ಲಿದ್ದ ಅವನೂ ಇಳಿದ. ಓಡಿದೆ... ಬಿ.ಎಸ್ಸಿ.ಯಲ್ಲಿ ಓಟ ಕಲಿಸಿರಲಿಲ್ಲ.

ಚೀಲ ಕೊಟ್ಟೆ.

ನನ್ನ ಕಸುಬು ಕೇಳಿ. ಹೊಸ ಯಂತ್ರ ಮಾಡಿದವರು ನನ್ನ ಹತ್ತಿರ ಬರುತ್ತಾರೆ. ಅಂಥದ್ದೇ ಯಂತ್ರಕ್ಕೆ ಯಾರಾದರೂ ಮೊದಲೇ ಪೇಟೆಂಟ್ ಪಡೆದಿದ್ದಾರೆಯೇ ಎಂದು ಹುಡುಕುತ್ತೇನೆ. ಕಣ್ಣು ಉರಿಯುವ ಕೆಲಸ. ಈ ಸಲ ದಾವಣಗೆರೆ ಮಂಡಿಪೇಟೆಯ ಫಿಟ್ಟರ್ ಅಂಜಿನಪ್ಪನಿಗಾಗಿ ಬೆಂಗಳೂರಿನಲ್ಲಿ ಒಂದು ತಿಂಗಳು ಹುಡುಕಿದ್ದೆ. ಚೀಲದಲ್ಲಿ ಅದರ ವರದಿಯಿತ್ತು. ಅದು ಬೇಕಾದದ್ದು ಕಲ್ಲಪ್ಪನ ಯಜಮಾನ, ವ್ಯಾಪಾರಿ ತಿಪ್ಪೇರುದ್ರಪ್ಪನಿಗೆ. ಯಾರೂ ಮೊದಲೇ ಪೇಟೆಂಟ್ ಪಡೆದಿರದಿದ್ದರೆ ಅಂಜಿನಪ್ಪನಿಗಿಂತ ಮೊದಲು ತನ್ನ ಹೆಸರಿನಲ್ಲಿ ಅರ್ಜಿ ಹಾಕುವ ಆಸೆ.

ಬಸ್ಸು ಹಿಡಿದು ಅಂಜಿನಪ್ಪನ ಮನೆಗೆ ಹೋಗಿ, ಚೀಲ ಯಾರ ಪಾಲಾಯಿತೆಂದು ಹೇಳಿದೆ. ಅವನ ಹೆಂಡತಿ ಹಂಪವ್ವ ನೀರು ಕೊಟ್ಟಳು. ಮೊಣಕೈವರೆಗೆ ಸುಟ್ಟ ಕಲೆಗಳು. ಮಂಡಕ್ಕಿ ಭಟ್ಟಿಯ ಬಿಸಿ ಮರಳಿನ ಗುರುತು. ಆ ಕೈ ನೋಡಲಾರದೆ ಅಂಜಿನಪ್ಪ ಯಂತ್ರ ಮಾಡಿದ್ದ. ತಿರುಗುವ ಡ್ರಮ್ಮು, ಒಳಗೊಂದು ಜರಡಿ. ಮಂಡಕ್ಕಿ ಹೊರಗೆ, ಮರಳು ವಾಪಸ್ ಒಳಗೆ.

"ಇಂಥದ್ದು ಬೇರೆ ಯಾರದಾದ್ರೂ ಸಿಕ್ತೇನ್ರಿ?"

"ಕಾಫಿ ಹುರಿಯೋ ಯಂತ್ರಗಳಿವೆ. ಇಂಥದ್ದು ಎಲ್ಲೂ ಇಲ್ಲ."

ಅವನು ನಕ್ಕ. ನಾನೂ ನಗುತ್ತಿದ್ದೆ... ಡ್ರಮ್ಮಿನ ಮೇಲೆ ಒಣಗಿದ ಚೆಂಡುಹೂವಿನ ಹಾರ ಕಾಣದಿದ್ದರೆ.

"ಇದು ಯಾವಾಗಿಂದು?"

"ಆಯುಧಪೂಜೆದು. ಪೂಜೆ ಮಾಡದ ಮಿಷನ್ನಿಗೆ ಯಾರು ಕೈ ಹಾಕ್ತಾರ್ರಿ?"

"ಮನೆಯೊಳಗೆ ತಾನೆ?"

"ಬಾಗಿಲ ಮುಂದೆ. ಓಡಿಸಿ, ಬಿಚ್ಚಿ, ಒಳಗಿನ ಜರಡಿ ತೋರಿಸಿದೆ. ಬೀದಿ ಮಂದಿಗೆಲ್ಲ ಬಿಸಿ ಮಂಡಕ್ಕಿ ಕೊಟ್ವಿ."

ನಾನು ಕುಳಿತೆ. ಸೇತುವೆಯ ಮೇಲೂ ಇಷ್ಟು ಸುಸ್ತಾಗಿರಲಿಲ್ಲ.

"ಅಂಜಿನಪ್ಪ, ಅರ್ಜಿ ಹಾಕೋ ಮುಂಚೆ ಊರಿಗೆಲ್ಲ ತೋರಿಸಿದ್ದು ಹೊಸದಲ್ಲ. ಪೇಟೆಂಟ್ ಸಿಗೋದಿಲ್ಲ."

ಅವನು ಡ್ರಮ್ಮಿನಿಂದ ಹಾರ ಕಿತ್ತು ತೆಗೆದ.

"ತಿಪ್ಪೇರುದ್ರಪ್ಪಗೆ ಸಿಗ್ತೈತೇನ್ರಿ?"

"ಅವನು ಅವತ್ತು ಬಂದಿದ್ನಾ?"

"ಎರಡು ಸಲ ಇಸ್ಕೊಂಡು ತಿಂದ," ಎಂದಳು ಹಂಪವ್ವ. "ಉಪ್ಪು ಕಮ್ಮಿ ಅಂದ."

"ಹಾಗಾದ್ರೆ ಅರ್ಜಿ ಹಾಕಲಿ. ತಿಂದವರೆಲ್ಲ ಸಾಕ್ಷಿ. ಅವನಿಗೂ ಸಿಗಲ್ಲ. ಇನ್ನು ಈ ಯಂತ್ರ ಯಾರು ಬೇಕಾದ್ರೂ ಮಾಡಬಹುದು."

"ಮಾಡ್ಲಿ ಬಿಡ್ರಿ," ಎಂದಳು ಅವಳು. "ಪ್ರತಿ ಭಟ್ಟಿಯಾಗೂ ಒಬ್ಬಾಕಿ ಕೈ ಸುಟ್ಕೊಳ್ತಾಳೆ."

ನನ್ನ ಫೀಸು ಕೇಳುವ ಮುಖ ನನಗಿರಲಿಲ್ಲ. ಎದ್ದೆ. ಹಂಪವ್ವ ನನ್ನ ಟವೆಲ್ ಕಸಿದು, ಅಳೆದು ಸುರಿದು ಗಂಟು ಕಟ್ಟಿದಳು.

ಮಂಡಕ್ಕಿ, ಎರಡು ಸೇರು.