ಗುರುತು ಉಳಿಸದ ಗಾರೆ

ಉಪಕರಣ ರತ್ನವ್ವನ ಮುಂಗೈ ಮೇಲೆ ಮೆಲ್ಲಗೆ ಸರಿದು, ಎಲುಬು ಮುರಿದ ಜಾಗದಲ್ಲಿ ನಿಂತಿತು. ಹಸಿರು ದೀಪ ಹೊತ್ತಿತು. ಸಣ್ಣ ಸೂಜಿಯೊಂದು ಒಳಗಿಳಿದು ಬಿಳಿಯ ಗಾರೆಯನ್ನು ಬಿರುಕಿಗೆ ತುಂಬಿತು. ಹತ್ತು ನಿಮಿಷದಲ್ಲಿ ಅದು ಕಲ್ಲಿನಂತೆ ಗಟ್ಟಿಯಾಯಿತು. ಉಪಕರಣ ಹಿಡಿದಿದ್ದವನು ಅವಳ ಗಂಡ ಈರಣ್ಣ. ಅರ್ಧ ಗಂಟೆಯ ಹಿಂದೆ ಆ ಕೈಯನ್ನು ಬಾಗಿಲ ಸಂದಿಗೆ ಸಿಕ್ಕಿಸಿ ಮುರಿದವನೂ ಅವನೇ.

"ನಾಳೆ ಪ್ರೆಸ್ಸಿಗೆ ಹೋಗು. ಎಲ್ಲಾ ಸರಿ ಆತು, ಇನ್ನ ಅಳಬ್ಯಾಡ," ಎಂದ.

ಅದು ನಾಲ್ಕನೆಯ ಸಲ.

ಈ ಅಸ್ಥಿಗಾರೆಯನ್ನು ಕಂಡುಹಿಡಿದವರು ಧಾರವಾಡದ ವಿಜ್ಞಾನಿ ಡಾ. ವಾಸಂತಿ ಬಳಿಗಾರ. ಎಲುಬಿನಲ್ಲಿರುವಂಥದೇ ಕ್ಯಾಲ್ಸಿಯಂ ಫಾಸ್ಫೇಟಿಗೆ ಅವರು ಜೈವಿಕ ಗಾಜಿನ ನುಣ್ಣನೆಯ ಹುಡಿ ಬೆರೆಸಿದ್ದರು. ಫಾಸ್ಫೇಟು ಮುರಿದ ತುದಿಗಳನ್ನು ಹಿಡಿದು ನಿಲ್ಲಿಸುತ್ತಿತ್ತು. ಗಾಜು ನಿಧಾನವಾಗಿ ಕರಗುತ್ತ, ಎಲುಬು ಕಟ್ಟುವ ಜೀವಕೋಶಗಳನ್ನು ಅಲ್ಲಿಗೆ ಕರೆತರುತ್ತಿತ್ತು. ದೇಹ ಗಾರೆಯನ್ನು ಸ್ವಲ್ಪಸ್ವಲ್ಪವೇ ಅರಗಿಸಿಕೊಂಡು, ಅದರ ಜಾಗದಲ್ಲಿ ತನ್ನದೇ ಎಲುಬನ್ನು ಕಟ್ಟಿಕೊಳ್ಳುತ್ತಿತ್ತು. ಮೂರು ವಾರ ಕಳೆದರೆ ಮುರಿದ ಗುರುತೇ ಇಲ್ಲ. ಆಸ್ಪತ್ರೆ ದೂರವಿರುವ ಊರುಗಳಿಗೂ ಸಿಗಲೆಂದು, ಅದನ್ನು ಔಷಧದಂಗಡಿಗಳಲ್ಲಿ ಮಾರಲು ಹಟ ಹಿಡಿದು ಒಪ್ಪಿಗೆ ತಂದವರೂ ವಾಸಂತಿಯವರೇ.

ರತ್ನವ್ವ ಗದಗಿನ ಮುದ್ರಣಾಲಯವೊಂದರಲ್ಲಿ ಪುಸ್ತಕ ಹೊಲಿಯುತ್ತಿದ್ದಳು. ದೂರು ಕೊಡುವ ಧೈರ್ಯ ಕೂಡಿಸಿಕೊಳ್ಳಲು ಅವಳಿಗೆ ಒಂದು ತಿಂಗಳು ಬೇಕಾಯಿತು. ಅಷ್ಟರಲ್ಲಿ ಕ್ಷ-ಕಿರಣದ ಚಿತ್ರದಲ್ಲಿ ಅವಳ ಎಲುಬುಗಳು ಎಳೆಯ ಹುಡುಗಿಯವುಗಳಂತೆ ನಿರ್ಮಲವಾಗಿದ್ದವು. ನ್ಯಾಯಾಲಯ ವಾಸಂತಿಯವರನ್ನು ಸಾಕ್ಷಿ ಹೇಳಲು ಕರೆಸಿತು.

"ಈ ಕೈ ಯಾವತ್ತಾದರೂ ಮುರಿದಿತ್ತೇ, ಡಾಕ್ಟರೇ?" ಈರಣ್ಣನ ವಕೀಲರು ಕೇಳಿದರು.

"ಹೇಳೋದು ಸಾಧ್ಯವಿಲ್ಲ."

"ಬೇರೆ ಯಾರಾದರೂ ಹೇಳಬಲ್ಲರೇ?"

"ಇಲ್ಲ, ಯಾರೂ ಹೇಳಲಾರರು. ಹಾಗಾಗಲಿ ಅಂತಲೇ ನಾನು ಇಪ್ಪತ್ತು ವರ್ಷ ದುಡಿದೆ."

ತಮ್ಮ ಮಾತು ತಮ್ಮ ಕಿವಿಗೇ ಬಿದ್ದಾಗ ವಾಸಂತಿ ರತ್ನವ್ವನ ಕಡೆ ತಿರುಗಿದರು. ಈರಣ್ಣ ಬಿಡುಗಡೆಯಾದ.

ಹೊರಗೆ ಜಗಲಿಯಲ್ಲಿ ರತ್ನವ್ವ ಒಬ್ಬಳೇ ಕೂತಿದ್ದಳು. ಅಕ್ಕನ ಮನೆಗೆ ಹೊರಟವಳ ಪಕ್ಕದಲ್ಲಿ ಬಟ್ಟೆಯ ಚೀಲವಿತ್ತು. ವಾಸಂತಿ ಅವಳ ಹತ್ತಿರ ಕೂತರು. "ನನ್ನಿಂದ ತಪ್ಪಾತವಾ," ಎಂದರು.

"ನೀವೇನ ಸುಳ್ಳ ಹೇಳಲಿಲ್ಲರಿ ಬಾಯಾರ," ಎಂದಳು ರತ್ನವ್ವ. "ನಿಮ್ಮ ಔಷಧ ಭಾಳ ಛಲೋ ಐತಿ. ಎಷ್ಟ ಛಲೋ ಅಂದ್ರ, ಕೈ ಮುರಿದಿದ್ದ ಸುಳ್ಳೇನೋ ಅಂತ ನನಗ ಅನ್ನಸಾಕತ್ತೈತಿ."

ವಾಸಂತಿ ಪ್ರಯೋಗಾಲಯಕ್ಕೆ ಮರಳಿದರು. ಎಂದೂ ಕರಗದ ಬೇರಿಯಂ ಗಾಜಿನ ಕಣಗಳನ್ನು ಗಾರೆಗೆ ಸೇರಿಸಿದರು. ಎಲುಬು ಮೊದಲಿನಷ್ಟೇ ಗಟ್ಟಿಯಾಗಿ ಕೂಡುತ್ತಿತ್ತು, ಆದರೆ ಕ್ಷ-ಕಿರಣ ಹಾಯಿಸಿದರೆ ಅಲ್ಲೊಂದು ಬಿಳಿಯ ಗೆರೆ ಸಾಯುವವರೆಗೂ ಕಾಣುತ್ತಿತ್ತು. ಕಲೆ ಉಳಿಸುವ ಔಷಧವನ್ನು ಯಾರು ಕೊಳ್ಳುತ್ತಾರೆ ಎಂದು ತಯಾರಕರು ಕೂಗಾಡಿದರು. ಔಷಧ ಮಂಡಳಿ ಮಾತ್ರ ವಾಸಂತಿಯವರ ಪರ ನಿಂತಿತು. ಹಳೆಯ ಗಾರೆ ಅಂಗಡಿಗಳಿಂದ ಮಾಯವಾಯಿತು. ಹೊಸ ಡಬ್ಬಿಯ ಮೇಲೆ, ಗುರುತು ಉಳಿಯುವ ಸಂಗತಿಯನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಲಾಯಿತು.

ಆರು ತಿಂಗಳ ನಂತರ ವಾಸಂತಿ ಗದಗಿಗೆ ಬಂದರು. ರತ್ನವ್ವ ಅಕ್ಕನ ಮನೆಯಿಂದಲೇ ಕೆಲಸಕ್ಕೆ ಬರುತ್ತಿದ್ದಳು. ಹೊಲಿಯುವ ಮೇಜಿನೆದುರು ಅವಳು ಹಾಕಿಕೊಟ್ಟ ಸ್ಟೂಲಿನ ಮೇಲೆ ಕೂತು, ವಾಸಂತಿ ತಗ್ಗಿದ ದನಿಯಲ್ಲಿ ಸುದ್ದಿ ಹೇಳಿದರು.

"ಮಕ್ಕಳು ಮೊದಲಿನಷ್ಟೇ ಮರದಿಂದ ಬೀಳ್ತಾವ. ಮುದುಕರು ಬಚ್ಚಲದಾಗ ಜಾರೋದೂ ನಿಂತಿಲ್ಲ. ಆದ್ರ ಗಾರೆ ಕೊಳ್ಳೋರು ಅರ್ಧಕ್ಕರ್ಧ ಕಡಿಮಿ ಆಗ್ಯಾರ, ರತ್ನವ್ವ. ಆ ಅರ್ಧ ಜನ ಯಾಕ ಕೊಳ್ತಿದ್ರು ಅನ್ನೋದು ಈಗ ಗೊತ್ತಾತು. ಇನ್ನರ ಅಂಥವ್ರು ಹೆದರ್ತಾರ."

ರತ್ನವ್ವನ ಸೂಜಿ ನಿಂತಿತು.

"ಹೊಡಿಯೂದು ಬಿಟ್ಟಾರೇನ್ರಿ ಬಾಯಾರ, ಇಲ್ಲಾ ಬರೇ ಗಾರೆ ಹಾಕೂದು ಬಿಟ್ಟಾರೋ?"